ಒಂದು ಮಾರಾಯಕ್ಕೆ ಒಂದು ಬಸ್ಕಿ

ಎಲ್ಲ ಎಡವಟ್ಟಿಗೂ ಕಾರಣ ಒಂದೇ ಒಂದು ಮಾತು. ಬೈಗುಳವಲ್ಲ, ಸುಳ್ಳಲ್ಲ, ಚಾಡಿಯೂ ಅಲ್ಲ. ಬಂಟ್ವಾಳದ ಕಡೆ ಹುಟ್ಟಿದ ಮಗು ಅಮ್ಮ, ಅಪ್ಪ ಆದ ಮೇಲೆ ಕಲಿಯುವ ಮಾತು: ಮಾರಾಯ. ಗಂಡಸಿಗೆ ಮಾರಾಯ, ಹೆಂಗಸಿಗೆ ಮಾರಾಯ್ತಿ, ಮರ್ಯಾದೆ ಕೊಡಬೇಕಾದವರಿಗೆ ಮಾರಾಯ್ರೆ. ಸಿಟ್ಟು ಬಂದರೂ ಅದೇ, ಪ್ರೀತಿ ಬಂದರೂ ಅದೇ, ಮುಂದೇನು ಹೇಳಬೇಕೆಂದು ತೋಚದಿದ್ದರೂ ಅದೇ. ಊರಿನವರ ಮಾತಿನಲ್ಲಿ ಅದು ಉಪ್ಪಿನಷ್ಟಿದ್ದರೆ, ಧರ್ಣಪ್ಪನ ಮಾತಿನಲ್ಲಿ ಅನ್ನದಷ್ಟಿತ್ತು.

ಧರ್ಣಪ್ಪ ಬೆಳೆಗಾರರ ಸಹಕಾರಿ ಸಂಘವೊಂದರ ಗೊಬ್ಬರದ ಗೋದಾಮಿನಲ್ಲಿ ಗುಮಾಸ್ತ. ಮನೆ ಬಿ.ಸಿ.ರೋಡಿನ ಹಿಂದಿನ ಓಣಿಯಲ್ಲಿ, ಗೋದಾಮು ಕಲ್ಲಡ್ಕದಲ್ಲಿ. ಮದುವೆಗೆ ಮೊದಲೇ ಆ ಗೋದಾಮಿಗೆ ಕಾಲಿಟ್ಟವನು ಮಗಳು ಕಾಲೇಜಿಗೆ ಹೋಗುವ ಹೊತ್ತಿಗೂ ಅಲ್ಲೇ ಇದ್ದ. ಅಂಗಿ ಒಗೆದರೂ ಹೋಗದ ಗೊಬ್ಬರದ ವಾಸನೆ, ತಲೆಯ ಮೇಲೆ ಕಾದ ತಗಡಿನ ಮಾಡು. ಅವನ ಆಸೆಯೇನು ದೊಡ್ಡದಲ್ಲ. ಶಾಖೆಯ ಮ್ಯಾನೇಜರ್ ಆಗಬೇಕು, ಫ್ಯಾನಿನ ಕೆಳಗೆ ಒಂದು ಕುರ್ಚಿಯಲ್ಲಿ ಕೂತುಕೊಳ್ಳಬೇಕು, ಅಷ್ಟೆ.

ಕಳೆದ ಸಲ ಮ್ಯಾನೇಜರ್ ಹುದ್ದೆಗೆ ಸಂದರ್ಶನ ನಡೆದಾಗ ಟೈ ಕಟ್ಟಿದ ಅಧಿಕಾರಿಯೊಬ್ಬರು, "ನಿಮ್ಮ ದೌರ್ಬಲ್ಯ ಯಾವುದು?" ಎಂದು ಕೇಳಿದ್ದರು. "ಎಂತ ಮಾರಾಯ್ರೆ, ಹಾಗೆ ಕೇಳಿದ್ರೆ ಯಾರಾದ್ರೂ ಹೇಳ್ತಾರಾ?" ಎಂದಿದ್ದ ಧರ್ಣಪ್ಪ. ಅಧಿಕಾರಿಯ ಮುಖ ಕೆಂಪಾಯಿತು. "ನಾನು ನಿಮ್ಮ ಮಾರಾಯ ಅಲ್ಲ, ಹೊರಗೆ ಹೋಗಿ" ಎಂದರು. ಒಂದು ಮಾತಿಗೆ ಒಂದು ಕುರ್ಚಿ ಹೋಯಿತು!

ಆ ಅಧಿಕಾರಿ ವರ್ಗವಾಗಿ ಹೋಗಿ ಹೊಸ ಮೇಡಂ ಬಂದಿದ್ದರು. ಮೂಡುಬಿದಿರೆಯ ಮುಖ್ಯ ಕಚೇರಿಯಲ್ಲಿ ಮತ್ತೆ ಸಂದರ್ಶನ. ಈ ಸಲ ತಪ್ಪಿದರೆ ಮುಗಿಯಿತು, ಮುಂದಿನ ವರ್ಷದಿಂದ ಮ್ಯಾನೇಜರುಗಳನ್ನು ಹೊರಗಿನಿಂದಲೇ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬೇರೆ.

ಇಂಥ ಹೊತ್ತಿಗೆ ಸಂಘದವರು ಒಬ್ಬ ತರಬೇತುದಾರರನ್ನು ಕರೆಸಿ ಭಾಷಣ ಮಾಡಿಸಿದರು. "ಮನುಷ್ಯ ಬದಲಾಗುವುದು ದೊಡ್ಡ ನಿರ್ಧಾರಗಳಿಂದಲ್ಲ, ದಿನನಿತ್ಯದ ಸಣ್ಣ ಅಭ್ಯಾಸಗಳಿಂದ. ಕೆಟ್ಟ ಅಭ್ಯಾಸ ತಲೆ ಎತ್ತಿದ ಕೂಡಲೇ ನಿಮಗೆ ನೀವೇ ಒಂದು ಸಣ್ಣ ಶಿಕ್ಷೆ ಕೊಟ್ಟುಕೊಳ್ಳಿ. ಮತ್ತು ನಿಮ್ಮ ಸಂಕಲ್ಪವನ್ನು ನಾಲ್ಕು ಜನರಿಗೆ ಹೇಳಿ, ಅವರು ನಿಮ್ಮನ್ನು ಕಾಯುತ್ತಾರೆ" ಎಂದರು ಅವರು. ಧರ್ಣಪ್ಪನಿಗೆ ರೋಮಾಂಚನವಾಯಿತು. ಅಲ್ಲೇ ಕೂತಲ್ಲೇ ತೀರ್ಮಾನಿಸಿದ: ಒಂದು ಮಾರಾಯಕ್ಕೆ ಒಂದು ಬಸ್ಕಿ! ಎಲ್ಲಿದ್ದರೂ ಸರಿ, ಯಾರ ಎದುರಾದರೂ ಸರಿ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾಲ್ಕು ಜನರಿಗೆ ಹೇಳುವ ಕೆಲಸವನ್ನೂ ಮಾಡಿದ. ಅವನು ಹೇಳಿದ್ದು ನಾಲ್ಕೇ ಜನರಿಗೆ. ಉಳಿದದ್ದನ್ನು ಆ ನಾಲ್ವರು ನೋಡಿಕೊಂಡರು.

ಸಂದರ್ಶನದ ದಿನ ಬೆಳಗಾಯಿತು. ಧರ್ಣಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಭಾವನ ಮದುವೆಗೆ ಹೊಲಿಸಿದ ಪ್ಯಾಂಟಿನೊಳಗೆ ಉಸಿರು ಬಿಗಿಹಿಡಿದು ಇಳಿದ. ಅಡುಗೆಮನೆಯಲ್ಲಿ ಹೆಂಡತಿ ನೀಲಾವತಿ ದೋಸೆ ಮಗುಚುತ್ತಿದ್ದಳು, ಪಕ್ಕದ ಒಲೆಯಲ್ಲಿ ಹಾಲು ಏರುತ್ತಿತ್ತು.

"ಹಾಲು ಉಕ್ಕುತ್ತದೆ ಮಾರಾಯ್ತಿ!"

ನೀಲಾವತಿ ಒಲೆ ಆರಿಸಲಿಲ್ಲ. ಸೌಟು ಎತ್ತಿ ಗಂಡನತ್ತ ತೋರಿಸಿದಳು. "ಮೊದಲು ಬಸ್ಕಿ."

"ಹಾಲು ಹೋಗ್ತಾ ಉಂಟು!"

"ಹಾಲು ಹೋದ್ರೆ ನಾಳೆ ಬರ್ತದೆ. ಮ್ಯಾನೇಜರ್ ಕುರ್ಚಿ ಬರುವುದಿಲ್ಲ. ಇಡೀ ಓಣಿಗೆ ಹೇಳಿ ಆಗಿದೆ ನಾನು. ನನ್ನ ಮರ್ಯಾದೆ ತೆಗೀಬೇಡಿ, ಮಾಡಿ ಬಸ್ಕಿ!"

ಧರ್ಣಪ್ಪ ಕಿವಿ ಹಿಡಿದು ಕೂತೆದ್ದ. ಹಾಲೆಲ್ಲ ಒಲೆಯ ಪಾಲಾಯಿತು. ಕಪ್ಪು ಚಹಾ ಕುಡಿದು ಹೊರಟ.

ಅಂಗಳ ದಾಟುವಷ್ಟರಲ್ಲಿ ಎದುರುಮನೆಯ ಚಿನ್ನಯ್ಯ ಮಾಸ್ಟ್ರು ಪ್ರತ್ಯಕ್ಷ. ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಓಡಿಸಲು ಮಕ್ಕಳಿಲ್ಲದೆ ಕೈಕಾಲು ತುರಿಸುತ್ತಿದ್ದ ಜನ. ಧರ್ಣಪ್ಪ ಹೇಳಿದ ನಾಲ್ವರಲ್ಲಿ ಇವರು ಮೊದಲಿಗರು. ಬಿಳಿ ಬೂಟು ಕಟ್ಟಿ, ಹೆಗಲಿಗೆ ಚೀಲ ಹಾಕಿ ನಿಂತಿದ್ದರು.

"ನಾನೂ ಬರ್ತೇನೆ."

"ಎಲ್ಲಿಗೆ ಮಾಸ್ಟ್ರೆ?"

"ಮೂಡುಬಿದ್ರೆಗೆ. ಪುತ್ತಿಗೆಯಲ್ಲಿ ನನ್ನ ತಂಗಿ ಮನೆ ಉಂಟು, ಹೋಗದೆ ಸುಮಾರು ಸಮಯ ಆಯ್ತು. ದಾರಿಯಲ್ಲಿ ನಿನ್ನನ್ನೂ ನೋಡಿಕೊಂಡ ಹಾಗಾಗ್ತದೆ. ಇವತ್ತು ತುಳು ಬೇಡ, ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತಾಡುವ. ಅಭ್ಯಾಸ ಆಗ್ತದೆ."

"ನಿಮಗ್ಯಾಕೆ ತೊಂದರೆ ಮಾರಾಯ್ರೆ?"

ಚಿನ್ನಯ್ಯ ಮಾಸ್ಟ್ರು ಒಂದು ಬೆರಳು ಮೇಲೆತ್ತಿದರು. ಮಾತಿಲ್ಲ, ಕತೆಯಿಲ್ಲ, ಬರೀ ಬೆರಳು. ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದ ಬೆರಳು ಅದು! ಧರ್ಣಪ್ಪ ಓಣಿಯ ನಡುವೆ ಬಸ್ಕಿ ಹೊಡೆದ.

"ಬೆನ್ನು ನೆಟ್ಟಗೆ! ಹಿಮ್ಮಡಿ ಎತ್ತಬಾರದು! ಹಾಗಲ್ಲ, ಇನ್ನೊಮ್ಮೆ!"

ಆಚೀಚೆ ಮನೆಯವರು ಗೇಟಿಗೆ ಬಂದು ನಿಂತು ನೋಡಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸು ಹೊರಡಲು ಗುರುಗುಡುತ್ತಿತ್ತು. ಬಾಗಿಲಲ್ಲಿ ಕಂಡಕ್ಟರ್ ಝುಬೈರ್. ಅವನು ಧರ್ಣಪ್ಪನನ್ನು ಕಂಡದ್ದೇ ಸಿಳ್ಳೆ ಹಾಕಿ, "ಬನ್ನಿ ಬನ್ನಿ ಧರ್ಣಪ್ಪಣ್ಣ! ನಿಮ್ಮ ವಿಷಯ ಗೊತ್ತುಂಟು. ಒಳಗೆ ಸ್ವಲ್ಪ ಜಾಗ ಮಾಡಿಸ್ತೇನೆ" ಎಂದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಝುಬೈರ್ ನಾಲ್ಕು ಜನರನ್ನು ಹಿಂದಕ್ಕೆ ದೂಡಿ, ನಡುವೆ ಒಬ್ಬ ಮನುಷ್ಯ ಕೂತೇಳುವಷ್ಟು ಜಾಗ ಬಿಡಿಸಿದ. "ರೈಟ್ ಪೋಯಿ!" ಎಂದ. ಬಸ್ಸು ಹಾರಿತು.

ಬಂಟ್ವಾಳ ಪೇಟೆಯ ತಿರುವಿನಲ್ಲಿ ಯಾರೋ ಧರ್ಣಪ್ಪನ ಕಾಲು ಮೆಟ್ಟಿದರು.

"ಅಯ್ಯೋ, ಕಾಲು ಮಾರಾಯ್ರೆ!"

ಬೆರಳು ಮೇಲೆದ್ದಿತು. ಓಡುವ ಬಸ್ಸಿನಲ್ಲಿ ಬಸ್ಕಿ ಹೊಡೆಯುವುದು ಹೇಗೆಂದು ಯಾವ ತರಬೇತುದಾರರೂ ಹೇಳಿಕೊಟ್ಟಿಲ್ಲ. ಧರ್ಣಪ್ಪ ಎರಡೂ ಕಿವಿ ಹಿಡಿದು ಕೂತ. ಅದೇ ಹೊತ್ತಿಗೆ ಡ್ರೈವರ್ ಬ್ರೇಕ್ ಹಾಕಿದ. ಕೂತವನು ಹಾಗೇ ಮುಂದಕ್ಕೆ ಜಾರಿ ಗೇರ್‌ಪೆಟ್ಟಿಗೆಯ ಹತ್ತಿರ ಹೋಗಿ ಬಿದ್ದ. ಬಸ್ಸಿಗೆ ಬಸ್ಸೇ ನಕ್ಕಿತು.

"ಇದು ಲೆಕ್ಕಕ್ಕಿಲ್ಲ" ಎಂದರು ಮಾಸ್ಟ್ರು. "ಕೂತದ್ದು ಹೌದು, ಎದ್ದದ್ದಿಲ್ಲ."

"ಬ್ರೇಕ್ ಹಾಕಿದ್ದು ನಾನಾ?" ಎಂದು ಧರ್ಣಪ್ಪ ರೇಗಿದ. "ಸಾಯಲಿ, ಇನ್ನು ನಾನು ಮಾರಾಯ ಅಂತ ಹೇಳುವುದೇ ಇಲ್ಲ ಮಾರಾಯ್ರೆ!"

ಇಡೀ ಬಸ್ಸು ಹೋ ಎಂದು ಕೂಗಿತು. ಇದು ಒಂದೋ ಎರಡೋ ಎಂದು ಚರ್ಚೆ ಶುರುವಾಯಿತು. ಹಿಂದಿನ ಸೀಟಿನ ವಕೀಲರೊಬ್ಬರು, ಆಣೆ ಮಾಡುವಾಗ ಹೇಳಿದ್ದಕ್ಕೆ ಶಿಕ್ಷೆ ಇಲ್ಲ, ಆಣೆ ಮುರಿದದ್ದಕ್ಕೆ ಮಾತ್ರ ಶಿಕ್ಷೆ ಎಂದು ವಾದಿಸಿದರು. ಮೀನಿನ ಬುಟ್ಟಿಯವರು ಎರಡೇ ಎಂದು ಪಟ್ಟು ಹಿಡಿದರು. ಝುಬೈರ್ ಟಿಕೆಟ್ ಕೊಡುವುದನ್ನು ಬಿಟ್ಟು ಕೈ ಎತ್ತಿಸಿ ಓಟು ಹಾಕಿಸಿದ. ರಾಯಿ ದಾಟುವಷ್ಟರಲ್ಲಿ ತೀರ್ಪು ಬಂತು, ಎರಡು! ಮೊದಲನೆಯದು ಸುಸೂತ್ರವಾಗಿ ಆಯಿತು. ಎರಡನೆಯದಕ್ಕೆ ಕೂತಾಗ ಹಿಂದಿನಿಂದ ಚರ್‍ ಎಂಬ ಸದ್ದು ಕೇಳಿತು.

ಪ್ಯಾಂಟು ತನ್ನ ಕೆಲಸ ಮುಗಿಸಿತ್ತು.

ಧರ್ಣಪ್ಪ ಅಂಗಿಯನ್ನು ಹಿಂದಕ್ಕೆಳೆದುಕೊಂಡು ಬೆವತು ನಿಂತ. ಅಳು ಬರುವುದೊಂದು ಬಾಕಿ. ಪಕ್ಕದ ಸೀಟಿನಲ್ಲಿ ಕೂತಿದ್ದ ಜೈನಬಮ್ಮ ಎಂಬ ಅಜ್ಜಿ ಆಗಿನಿಂದಲೂ ಇವನನ್ನೇ ನೋಡುತ್ತಿದ್ದರು. ಅವರಿಗೆ ಈ ಗಲಾಟೆಯ ತಲೆಬುಡ ತಿಳಿದಿರಲಿಲ್ಲ.

"ಪಾಪ, ಎಂತ ಹರಕೆ ಮಗಾ ಇದು? ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿ, ತಲೆಯ ಶಾಲಿಗೆ ಚುಚ್ಚಿದ್ದ ಪಿನ್ನೊಂದನ್ನು ತೆಗೆದು ಕೊಟ್ಟರು. "ಹಿಂದೆ ಹಾಕಿಕೋ. ಯಾರೂ ನೋಡುವುದಿಲ್ಲ. ನೋಡಿದ್ರೂ ಎಂತ, ಎಲ್ಲ ನಮ್ಮವರೇ."

ಅಷ್ಟು ಜನರಲ್ಲಿ ಮನುಷ್ಯರ ಹಾಗೆ ಮಾತಾಡಿದ್ದು ಈ ಅಜ್ಜಿಯೊಬ್ಬರೇ. "ನಿಮ್ಮ ಉಪಕಾರ ಮರೆಯುವುದಿಲ್ಲ ಮಾ..." ಎಂದವನು ಬಾಯಿಗೆ ಕೈ ಅಡ್ಡ ಹಿಡಿದ. ಇಡೀ ಬಸ್ಸು ಅವನ ಬಾಯನ್ನೇ ನೋಡುತ್ತಿತ್ತು. "ಮಾ... ಮಾತೆಯವರೇ" ಎಂದು ಮುಗಿಸಿದ.

ಮಾಸ್ಟ್ರ ಕಣ್ಣು ಅರಳಿತು. "ಶಾಬಾಸ್! ತಡೆದೆಯಲ್ಲ! ಮೊದಲ ಸಲ ತಡೆದೆ! ಇದೇ, ಇದೇ ಅಭ್ಯಾಸ ಅಂದ್ರೆ!" ಎಂದು ಬೆನ್ನಿಗೆ ಹೊಡೆದರು. ಬಸ್ಸು ಚಪ್ಪಾಳೆ ತಟ್ಟಿತು. ಸಿದ್ಧಕಟ್ಟೆಯಲ್ಲಿ ಇಳಿದವರು ಕಿಟಕಿಯ ಹೊರಗೆ ನಿಂತು, "ಬಿಡಬೇಡಿ ಧರ್ಣಪ್ಪಣ್ಣ, ಬಿಡಬೇಡಿ!" ಎಂದು ಕೈ ಬೀಸಿದರು. ನಿಜ ಹೇಳುವುದಾದರೆ ಆಗ ಧರ್ಣಪ್ಪನ ಮೈಯಲ್ಲಿ ಮಿಂಚು ಹರಿಯಿತು. ತನ್ನಿಂದ ಆಗುತ್ತದೆ! ಹುಟ್ಟಿದಂದಿನಿಂದ ನಾಲಿಗೆಗೆ ಅಂಟಿದ್ದು ಬಿಟ್ಟು ಹೋಗುತ್ತಿದೆ! ಅಲ್ಲಿಂದ ಮೂಡುಬಿದಿರೆಯವರೆಗೆ ಅವನನ್ನು ಏನೆಲ್ಲ ಮಾಡಿ ಕೆಣಕಿದರೂ, ಝುಬೈರ್ ಬೇಕೆಂದೇ ಹಳೆಯ ಟಿಕೆಟ್ ಕೇಳಿ ಜಗಳ ತೆಗೆದರೂ, ಆ ಮಾತು ಹೊರಗೆ ಬೀಳಲಿಲ್ಲ.

ಮುಖ್ಯ ಕಚೇರಿಯ ಜಗಲಿಯಲ್ಲಿ ರೋಹಿತ್ ಕೂತಿದ್ದ. ಧರ್ಣಪ್ಪನ ಗೋದಾಮಿಗೆ ಈಚೆಗೆ ಸೇರಿದ ಹುಡುಗ, ಒಳ್ಳೆಯವನು. ಕೆಲಸದ ಜೊತೆಗೆ ಮಾತನ್ನೂ ಧರ್ಣಪ್ಪನ ಪಕ್ಕದಲ್ಲೇ ಕೂತು ಕಲಿತವನು. ಅನುಭವಕ್ಕಿರಲಿ ಎಂದು ಅವನೂ ಅರ್ಜಿ ಹಾಕಿದ್ದ.

"ಎಂತ ಧರ್ಣಪ್ಪಣ್ಣ, ಈ ನಮೂನೆ ಬೆವರಿದ್ದೀರಿ ಮಾರಾಯ್ರೆ?"

ಧರ್ಣಪ್ಪನಿಗೆ ಕನಿಕರ ಉಕ್ಕಿತು. ಹತ್ತಿರ ಹೋಗಿ ಮೆಲ್ಲನೆ ಹೇಳಿದ. "ನೋಡು ರೋಹಿತ್, ಒಳಗೆ ಮಾತ್ರ ಆ ಮಾತು ಹೇಳಬೇಡ. ನನಗಾದದ್ದು ನಿನಗಾಗುವುದು ಬೇಡ."

"ಅದು ಬಾರದೆ ಇರ್ತದಾ ಅಣ್ಣ? ಬಾಯಿ ತೆರೆದ್ರೆ ಅದೇ ಮೊದಲು ಬರುವುದು" ಎಂದು ನಗುತ್ತಾ ರೋಹಿತ್ ಒಳಗೆ ಹೋದ.

ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಜೋರು ನಗು ಕೇಳಿಸಿತು. ಮತ್ತೊಮ್ಮೆ ನಗು. ಪಾಪ, ಹುಡುಗನನ್ನು ತಮಾಷೆ ಮಾಡಿ ನಗುತ್ತಿದ್ದಾರೆ ಎಂದು ಧರ್ಣಪ್ಪ ಮರುಗಿದ. ಜೊತೆಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಮನುಷ್ಯ ಅಲ್ಲವೇ!

ಅವನ ಸರದಿ ಬಂತು. ಮೇಜಿನ ಆಚೆ ವಾಗ್ದೇವಿ ಮೇಡಂ, ಅವರ ಎರಡೂ ಬದಿಗೆ ಒಬ್ಬೊಬ್ಬ ನಿರ್ದೇಶಕರು. ಕಿಟಕಿಯ ಹೊರಗೆ, ಪುತ್ತಿಗೆಯ ತಂಗಿಯನ್ನು ಪೂರ್ತಿ ಮರೆತಿದ್ದ ಚಿನ್ನಯ್ಯ ಮಾಸ್ಟ್ರು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೂತುಕೊಳ್ಳಿ" ಎಂದರು ಮೇಡಂ.

ಧರ್ಣಪ್ಪ ಕೂತ. ಕೂತದ್ದೇ ತಡ, ಜೈನಬಮ್ಮನ ಪಿನ್ನು ಬಾಯಿ ತೆರೆದು, ಎಲ್ಲಿ ಚುಚ್ಚಬಾರದೋ ಅಲ್ಲೇ ಚುಚ್ಚಿತು.

ಓದುಗರೇ, ಈ ಘಳಿಗೆಯಲ್ಲಿ ನೀವಾಗಿದ್ದರೆ ಏನು ಕೂಗುತ್ತಿದ್ದಿರಿ? ಬಂಟ್ವಾಳ ತಾಲೂಕಿನ ಯಾವ ಗಂಡಸಾದರೂ ಏನು ಕೂಗುತ್ತಿದ್ದ? ಧರ್ಣಪ್ಪನ ಕಣ್ಣಲ್ಲಿ ನೀರು ಚಿಮ್ಮಿತು, ಕತ್ತಿನ ನರ ಉಬ್ಬಿತು. ಆದರೆ ಅವನ ಬಾಯಿಂದ ಬಂದದ್ದು ಇಷ್ಟೇ: "ಆಹಾ! ತಮ್ಮನ್ನು ಕಂಡು ಅತ್ಯಂತ ಸಂತೋಷವಾಯಿತು!"

ಮೇಡಂ ಬೆಚ್ಚಿ ಅವನನ್ನು ನೋಡಿದರು. "ಹ್ಞಾಂ, ಆಯ್ತು. ಈಗ ನಿಮ್ಮ ಗೋದಾಮಿಗೆ ಒಬ್ಬರು ರೈತರು ಸಿಟ್ಟಲ್ಲಿ ಬಂದಿದ್ದಾರೆ. ಹೇಳಿದ ದಿವಸ ಗೊಬ್ಬರ ಬರಲಿಲ್ಲ ಅಂತ ಕೂಗಾಡ್ತಾ ಇದ್ದಾರೆ. ಅವರಿಗೆ ಎಂತ ಹೇಳ್ತೀರಿ?"

ಧರ್ಣಪ್ಪ ಒಂದು ಕುಂಡೆ ಎತ್ತಿ ಕೂತು, ಬೆನ್ನು ನೆಟ್ಟಗೆ ಮಾಡಿದ. "ಮಾನ್ಯ ಕೃಷಿಕ ಬಾಂಧವರೇ, ತಮ್ಮ ಅಸಮಾಧಾನವು ಸಂಘದ ಗಮನಕ್ಕೆ ಬಂದಿರುತ್ತದೆ. ಸರಬರಾಜಿನಲ್ಲಿ ಉಂಟಾದ ವಿಳಂಬಕ್ಕೆ ವಿಷಾದಿಸುತ್ತಾ, ತಾವು ಎಂದಿನಂತೆ ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ, ಎಂದು ಹೇಳುತ್ತೇನೆ."

ಎಡಬದಿಯ ನಿರ್ದೇಶಕರ ಕಣ್ಣು ಮುಚ್ಚಿತು. ಮೆಚ್ಚಿ ಧ್ಯಾನಿಸುತ್ತಿದ್ದಾರೆ ಎಂದುಕೊಂಡ ಧರ್ಣಪ್ಪ.

"ಅವರು ಮತ್ತೂ ಕೂಗ್ತಾರೆ. ಆಗ?"

"ಆಗ ಲಿಖಿತ ಮನವಿಯನ್ನು ಸಲ್ಲಿಸುವಂತೆ ಸೂಚಿಸಲಾಗುವುದು."

ಪಿನ್ನು ಚುಚ್ಚುತ್ತಲೇ ಇತ್ತು. ಪ್ರಶ್ನೆಗಳು ಬರುತ್ತಲೇ ಇದ್ದವು. ಪ್ರತಿ ಉತ್ತರದ ಕೊನೆಗೂ ಆ ಮಾತು ಬಾಗಿಲವರೆಗೆ ಓಡಿ ಬಂದು ನಿಲ್ಲುತ್ತಿತ್ತು, ಧರ್ಣಪ್ಪ ಅದನ್ನು ಒಳಕ್ಕೆ ದಬ್ಬುತ್ತಿದ್ದ. ಕೊನೆಗೆ ಮೇಡಂ, "ಸಾಕು, ಹೊರಗೆ ಕಾಯಿರಿ" ಎಂದಾಗ ಒಂದೇ ಒಂದು ಮಾರಾಯವಿಲ್ಲದೆ ಸಂದರ್ಶನ ಮುಗಿದಿತ್ತು!

ಜಗಲಿಯಲ್ಲಿ ಮಾಸ್ಟ್ರು ಅವನನ್ನು ತಬ್ಬಿಕೊಂಡರು. ಧರ್ಣಪ್ಪ ನೀಲಾವತಿಗೆ ಫೋನು ಮಾಡಿ, "ಆಯ್ತು! ಒಂದೂ ಬರಲಿಲ್ಲ!" ಎಂದು ಕೂಗಿದ. ಅತ್ತ ಕಡೆ ನೀಲಾವತಿ ಪಾಯಸಕ್ಕೆ ಬೆಲ್ಲ ಹುಡುಕತೊಡಗಿದಳು.

ಊಟದ ಹೊತ್ತಿಗೆ ಗುಮಾಸ್ತರೊಬ್ಬರು ಹೊರಗೆ ಬಂದು ಹೆಸರು ಹೇಳಿದರು. ರೋಹಿತ್!

ರೋಹಿತನೇ ನಂಬಲಿಲ್ಲ. "ನಾನಾ? ನಿಮಗೆ ತಪ್ಪಿರಬೇಕು ಮಾರಾಯ್ರೆ" ಎಂದ. ತಪ್ಪಿರಲಿಲ್ಲ. ಧರ್ಣಪ್ಪನಿಗೆ ಜಗಲಿಯ ಕಂಬ ತಿರುಗಿದಂತಾಯಿತು. ಇಷ್ಟು ಬಸ್ಕಿ, ಇಷ್ಟು ನೋವು, ಹರಿದ ಪ್ಯಾಂಟು, ಎಲ್ಲ ಎಂಥದ್ದಕ್ಕೆ? ಮರ್ಯಾದೆ ಬಿಟ್ಟು ಸೀದಾ ಒಳಗೆ ನುಗ್ಗಿದ.

"ಮೇಡಂ, ನನ್ನಲ್ಲಿ ಏನು ನ್ಯೂನತೆ ಕಂಡುಬಂದಿತು?"

ವಾಗ್ದೇವಿ ಮೇಡಂ ಕನ್ನಡಕ ತೆಗೆದು ಮೃದುವಾಗಿ ಹೇಳಿದರು. "ಬೇಜಾರು ಮಾಡ್ಬೇಡಿ. ನಾನು ಬೆಳ್ತಂಗಡಿಯವಳೇ, ನಿಮ್ಮ ಹತ್ರ ಮುಚ್ಚಿಡುವುದು ಎಂತದ್ದು? ಮೊನ್ನೆ ಕಲ್ಲಡ್ಕದಲ್ಲಿ ಬೆಳೆಗಾರರ ಸಭೆ ಮಾಡಿದ್ದೆ. ಸಂಘದ ಮೇಲೆ ಎಲ್ಲರದ್ದೂ ದೂರೇ. ಆದ್ರೆ ಎಲ್ಲರೂ ಒಂದು ಮಾತು ಹೇಳಿದ್ರು. ಗೊಬ್ಬರದ ಗೋದಾಮಿನಲ್ಲಿ ಒಬ್ಬರು ಇದ್ದಾರಂತೆ. ಎಷ್ಟು ಸಿಟ್ಟಲ್ಲಿ ಹೋದ್ರೂ, 'ಬನ್ನಿ ಮಾರಾಯ್ರೆ, ಮೊದಲು ಕೂತುಕೊಳ್ಳಿ, ಒಂದು ಚಾ ಕುಡಿಯುವ' ಅಂತಾರಂತೆ. ಅದನ್ನು ಕೇಳಿದ್ರೆ ಅರ್ಧ ಸಿಟ್ಟು ಅಲ್ಲೇ ಇಳೀತದಂತೆ. ಆ ಒಬ್ಬರಿಗೋಸ್ಕರ ಈ ಸಂಘ ಬಿಟ್ಟು ಹೋಗದವರು ತುಂಬ ಜನ ಇದ್ದಾರೆ. ಹೆಸರು ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಗೊಬ್ಬರದ ಮಾರಾಯ್ರು ಅಂತಾರೆ, ಅಷ್ಟೆ. ಅವರನ್ನೇ ಮ್ಯಾನೇಜರ್ ಮಾಡುವ ಅಂತ ಈ ಸಂದರ್ಶನ ಕರೆದದ್ದು ನಾನು."

ಧರ್ಣಪ್ಪ ಮೇಜಿನ ಅಂಚು ಹಿಡಿದುಕೊಂಡ.

"ಆ ಗೋದಾಮಿನಿಂದ ಬಂದದ್ದು ನೀವಿಬ್ಬರೇ. ರೋಹಿತ್ ಬಾಯಿ ತೆರೆದ ಕೂಡಲೇ ಗೊತ್ತಾಯ್ತು. 'ಎಂತ ಸೆಕೆ ಮಾರಾಯ್ರೆ' ಅಂದ ನೋಡಿ, ನಮಗೆಲ್ಲ ಇವನೇ ಅಂತ ಖಾತ್ರಿ. ನಿಮ್ಮ ಮಾತು ಕೇಳಿದ ಮೇಲಂತೂ ಸಂಶಯವೇ ಉಳಿಯಲಿಲ್ಲ."

ಅದು ನಾನೇ ಮಾರಾಯ್ರೆ! ಆ ಗೊಬ್ಬರದ ಮಾರಾಯ ನಾನೇ! ಇಷ್ಟು ಹೇಳಿದರೆ ಸಾಕಿತ್ತು. ಇಷ್ಟನ್ನು ಅವನದೇ ದನಿಯಲ್ಲಿ ಹೇಳಿದರೆ ಯಾರೂ ನಂಬದೆ ಇರುತ್ತಿರಲಿಲ್ಲ. ಧರ್ಣಪ್ಪ ಬಾಯಿ ತೆರೆದ. ಕಿಟಕಿಯಲ್ಲಿ ಬೆರಳು ಎದ್ದಿತು. ಅವನ ಎರಡೂ ಮೊಣಕಾಲು ತಾನಾಗಿ ಬಸ್ಕಿಗೆ ಬಗ್ಗಿದವು, ಮಾತು ಗಂಟಲವರೆಗೆ ಬಂದು ಹಿಂದಕ್ಕೆ ಓಡಿತು. ಎರಡನೆಯ ಸಲ ಬಾಯಿ ತೆರೆದ. ಬರಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ, ಇದ್ದ ಶಕ್ತಿಯೆಲ್ಲ ಕೂಡಿಸಿ ಕೂಗಿದ.

"ಸದರಿ ವ್ಯಕ್ತಿಯು ನಾನೇ ಆಗಿರುತ್ತೇನೆ, ಮಾನ್ಯರೇ!"

ಮೇಡಂ ಪಾಪ ಎನ್ನುವ ಹಾಗೆ ನಕ್ಕರು. "ನೀವಾ? ಇರಲಿ ಬಿಡಿ. ರೋಹಿತ್ ಮ್ಯಾನೇಜರಾಗಿ ಅದೇ ಶಾಖೆಗೆ ಬರ್ತಾನೆ. ಗೋದಾಮನ್ನು ನೀವೇ ನೋಡಿಕೊಳ್ಳಿ. ಬಿಡುವಾದಾಗ ಅವನ ಹತ್ರ ಕೂತು ಸ್ವಲ್ಪ ಮಾತಾಡಲಿಕ್ಕೆ ಕಲೀರಿ. ಒಂದೇ ದಿವಸಕ್ಕೆ ಬರುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿದ್ರೆ ಎಲ್ಲ ಬರ್ತದೆ."

ಗಾಜು ಮುಚ್ಚಿದ ಕಿಟಕಿಯ ಹೊರಗೆ ಚಿನ್ನಯ್ಯ ಮಾಸ್ಟ್ರಿಗೆ ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಧರ್ಣಪ್ಪನ ತುಟಿಗಳನ್ನು ಮಾತ್ರ. ಫೋನು ಕಿವಿಗಿಟ್ಟು ಅವರು ಓಣಿಯವರಿಗೆ ಕೂಗಿ ಹೇಳುತ್ತಿದ್ದರು. "ಬಂಗಾರ ಇವ, ಬಂಗಾರ! ಮೇಡಂ ಎದುರು ಮೂರು ಸಲ ಬಾಯಿ ತೆರೆದ, ಮೂರು ಸಲವೂ ನುಂಗಿದ! ಬರೆದಿಟ್ಟುಕೊಳ್ಳಿ, ಈ ಜನ್ಮದಲ್ಲಿ ಇನ್ನು ಅವನ ಬಾಯಿಂದ ಆ ಮಾತು ಬರುವುದಿಲ್ಲ ಮಾರಾಯ್ರೆ!"